ಹಬ್ಬದ ಮರುದಿನ ಏಳದ ಕಾಲುಗಳು

ನನ್ನ ತಾಯಿಯ ತಂದೆ ಬಲು ಗಟ್ಟಿ ಆಳು. ತುಂಬಿದ ಜೋಳದ ಚೀಲವನ್ನು ಇನ್ನೊಬ್ಬರ ಕೈ ತಾಗಿಸದೆ ಬೆನ್ನಿಗೇರಿಸಿಕೊಂಡು ಬಂಡಿಗೆ ಒಟ್ಟುತ್ತಿದ್ದರೆಂದು ಅವರನ್ನು ಕಂಡವರು ಇಂದಿಗೂ ಹೇಳುತ್ತಾರೆ. ಅದೇ ಬಾಯಿಂದ ಇನ್ನೊಂದು ಮಾತನ್ನೂ ನಗುತ್ತ ಹೇಳುವುದುಂಟು. ಹೋಳಿಗೆಯ ಊಟ ಮಾಡಿ ಮಲಗಿದರೆಂದರೆ ಮರುದಿನ ಮಧ್ಯಾಹ್ನದವರೆಗೆ ಯಜಮಾನರು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲವಂತೆ. “ಕಾಲು ಬರವಲ್ವು” ಎಂದು ಅವರು ಹೇಳಿದರೆ ಅಜ್ಜಿ, “ಉಣ್ಣಾಕ ಕೈ ಬರತಾವು, ದುಡಿಯಾಕ ಕಾಲು ಬರವಲ್ವೇನು?” ಎಂದು ಹಂಗಿಸುತ್ತಿದ್ದಳಂತೆ. ಹೀಗೆ ದುಡಿಮೆಗೆ ಹೆಸರಾಗಿದ್ದ ಮನುಷ್ಯ ಬಂಧುಬಳಗದ ನೆನಪಿನಲ್ಲಿ ಹಬ್ಬದ ಮೈಗಳ್ಳನಾಗಿ ಉಳಿದುಬಿಟ್ಟರು. ಆ ಅಪವಾದ ತೊಡೆದುಹೋದದ್ದು ಅವರು ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ, ಅದೂ ಅಸೂಟಿಯಲ್ಲಿ.

ಅಸೂಟಿ ರೋಣ ತಾಲ್ಲೂಕಿನ ಎರೆಭೂಮಿಯ ಊರು. ನನ್ನ ಚಿಗವ್ವನನ್ನು ಕೊಟ್ಟ ಮನೆ ಅಲ್ಲಿಯದು. ಎಳ್ಳಮಾವಾಸ್ಯೆಯ ದಿನ ಆ ಸೀಮೆಯಲ್ಲಿ ಮನೆಯಲ್ಲಿ ಉಳಿಯುವವರು ಕಡಿಮೆ; ಊರಿಗೆ ಊರೇ ಹೊಲಕ್ಕೆ ನಡೆಯುತ್ತದೆ. ಭೂತಾಯಿಗೆ ಚರಗ ಚೆಲ್ಲಿ, ಕಡಲೆಯ ಹಸುರಿನ ನಡುವೆ ಪಂಕ್ತಿ ಕುಳಿತು, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕಡಬು, ಸಜ್ಜಿರೊಟ್ಟಿ, ಪುಂಡಿಪಲ್ಯಗಳನ್ನು ‘ಇನ್ನೊಂದು, ಇನ್ನೊಂದು’ ಎಂದು ಬಡಿಸಿಕೊಂಡು ಉಣ್ಣುವ ಸುಖವನ್ನು ಬಲ್ಲವರೇ ಬಲ್ಲರು. ಮೂರು ವರ್ಷಗಳ ಹಿಂದಿನ ಹಬ್ಬದಲ್ಲಿ ಚಿಗವ್ವನ ಮಗ ಹೀಗೆಯೇ ಉಂಡ. ಆಗ ಅವನಿಗೆ ಹತ್ತೊಂಬತ್ತು ವರ್ಷ. ಹಿಂದಿನ ಎರಡು ದಿನ ಹತ್ತಿಯ ಅಂಡಿಗೆಗಳನ್ನು ಹೊತ್ತು ಹೇರಿ ಮೈ ಹಣ್ಣಾಗಿತ್ತು. ಸಂಜೆ ಮನೆಗೆ ಬಂದವನು ಪಡಸಾಲೆಯಲ್ಲಿ, ಕೊರೆಯುವ ಚಳಿಯಲ್ಲಿಯೇ, ಚಾಪೆಯ ಮೇಲೆ ಬಿದ್ದು ನಿದ್ರೆಹೋದ.

ನಸುಕಿನಲ್ಲಿ ಅವನು ಕೂಗಿದ್ದು ಕೇಳಿ ಚಿಗವ್ವ ಎದ್ದು ಬಂದಳು. “ಅವ್ವಾ, ಕಾಲು ಎತ್ತಾಕ ಬರವಲ್ದು.” ಜುಮ್ಮುಹಿಡಿದಿರಬೇಕೆಂದು ಅವಳು ತಿಕ್ಕಿದಳು. ಆಶ್ಚರ್ಯವೆಂದರೆ ಅವಳ ಬೆರಳಿನ ಒಂದೊಂದು ಸ್ಪರ್ಶವೂ ಅವನಿಗೆ ತಿಳಿಯುತ್ತಿತ್ತು, ಚಿವುಟಿದರೆ ನೋಯುತ್ತಿತ್ತು. ಮಾತು ಸ್ವಚ್ಛವಾಗಿತ್ತು, ಬುದ್ಧಿ ಎಚ್ಚರವಾಗಿತ್ತು. ಸೊಂಟದಿಂದ ಕೆಳಗೆ ಮಾತ್ರ ಆ ಜವಾನ ಹುಡುಗ ಹಿಟ್ಟಿನ ಮುದ್ದೆಯಾಗಿದ್ದ. ಬೆಳಕು ಹರಿಯುವಷ್ಟರಲ್ಲಿ ಓಣಿಯ ಜನವೆಲ್ಲ ನೆರೆಯಿತು. ಲಕ್ವ ಹೊಡೆದಿದೆ ಎಂದರು ಕೆಲವರು. ಅಮಾವಾಸ್ಯೆಯ ದಿನ ಹೊಲದಲ್ಲಿ ಏನನ್ನೋ ದಾಟಿದ್ದಾನೆ ಎಂದರು ಕೆಲವರು.

ಹತ್ತಿರದ ಪಟ್ಟಣದ ಒಂದು ಖಾಸಗಿ ದವಾಖಾನೆಗೆ ಅವನನ್ನು ಒಯ್ದರು. ಹುಡುಗ ಸೋತಿದ್ದಾನೆ, ಶಕ್ತಿ ಬರಲಿ ಎಂದು ಅಲ್ಲಿ ಗ್ಲುಕೋಸಿನ ಬಾಟಲಿಯನ್ನು ಏರಿಸಿದರು. ನಮ್ಮ ಜನಕ್ಕೂ ಬಾಟಲಿ ಏರಿಸಿದ ಹೊರತು ಉಪಚಾರವಾಯಿತೆಂಬ ಸಮಾಧಾನವಿಲ್ಲ. ಬಾಟಲಿ ಅರ್ಧಕ್ಕೆ ಬರುವಷ್ಟರಲ್ಲಿ, ಅದುವರೆಗೆ ಆಡುತ್ತಿದ್ದ ಕೈಗಳೂ ಬಿದ್ದವು. ಇನ್ನು ತಡಮಾಡಬಾರದೆಂದು ಹುಬ್ಬಳ್ಳಿಯ ದಾರಿ ಹಿಡಿದರು. ಅಲ್ಲಿನ ತರುಣ ವೈದ್ಯರು ಮೊದಲು ಹೃದಯದ ಪಟ ತೆಗೆಸಿದರು, ರಕ್ತವನ್ನು ಪರೀಕ್ಷೆಗೆ ಕಳುಹಿಸಿದರು, ಆಮೇಲೆ ಚಿಗವ್ವನನ್ನು ಕರೆದು, “ನಿಮ್ಮ ಮನೆತನದಾಗ ಯಾರಿಗರ ಹಿಂಗ ಆಗಿತ್ತೇನವ್ವಾ?” ಎಂದು ಕೇಳಿದರು. “ಇಲ್ರೀ” ಎಂದಳು ಅವಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಪ್ಪಗ ಹಬ್ಬದ ಮರುದಿನ ಕಾಲು ಬರತಿರಲಿಲ್ರೀ. ನಾವು ಅದಕ್ಕ ಮೈಗಳ್ಳತನ ಅಂತಿದ್ವಿರೀ” ಎಂದಳು.

ರಕ್ತದ ವರದಿ ಬಂದಾಗ ಪೊಟ್ಯಾಸಿಯಂ ಲೀಟರಿಗೆ ೨.೧ ಮಿಲಿಮೋಲ್ ಇತ್ತು. ಇರಬೇಕಾದುದು ೩.೫ರಿಂದ ೫.

ಈ ಬೇನೆಗೆ ವೈದ್ಯರು ‘ಪೀರಿಯಾಡಿಕ್ ಪ್ಯಾರಾಲಿಸಿಸ್’ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನೋಣ? ಭಾಷೆಯನ್ನು ಕಲಿಸಿ ಅನ್ನ ಉಣ್ಣುವವನಿಗೆ ಇಂಥ ಪ್ರಶ್ನೆ ಬಂದರೆ ಸುಮ್ಮನಿರಲಾಗುವುದಿಲ್ಲ. ‘ಪಾರ್ಶ್ವವಾಯು’ ಸಲ್ಲದು, ಪಾರ್ಶ್ವವೆಂದರೆ ಮಗ್ಗುಲು, ಮೈಯ ಒಂದು ಪಕ್ಕ ಬೀಳುವ ರೋಗ ಅದು. ಇಲ್ಲಿ ಎರಡು ಪಕ್ಕಗಳೂ ಸಮವಾಗಿ ಸೋಲುತ್ತವೆ. ‘ಲಕ್ವ’ವೂ ಸಲ್ಲದು, ಅರಬ್ಬಿಯಲ್ಲಿ ಆ ಶಬ್ದಕ್ಕೆ ಮೂಲದಲ್ಲಿ ಸೊಟ್ಟಬಾಯಿಯ ರೋಗವೆಂದು ಅರ್ಥ. ‘ಪೀರಿಯಾಡಿಕ್’ ಎಂಬುದು ಕೂಡ ತಕ್ಕಮಟ್ಟಿಗೆ ಸುಳ್ಳೇ. ಇದು ಮಲೇರಿಯಾದ ಚಳಿಯಂತೆ ದಿನ ಎಣಿಸಿ ಬರುವುದಿಲ್ಲ. ಕೆಲವರಿಗೆ ವಾರಕ್ಕೆರಡು ಸಲ, ಕೆಲವರಿಗೆ ಜನ್ಮದಲ್ಲಿ ಎರಡೇ ಸಲ. ಆದ್ದರಿಂದ ‘ಮರುಕಳಿಸುವ ಸ್ನಾಯುಸೋಲು’ ಎಂದು ಕರೆಯಬಹುದೆಂದು ನನಗೆ ತೋರುತ್ತದೆ. ಹೆಸರು ಹೇಗೂ ಇರಲಿ. ಒಳಗೆ ನಡೆಯುವುದೇನು ಎಂಬುದು ಹೆಸರಿಗಿಂತ ಸ್ವಾರಸ್ಯವಾಗಿದೆ.

ಪೊಟ್ಯಾಸಿಯಂ ನಮಗೆ ಅಪರಿಚಿತ ವಸ್ತುವಲ್ಲ. ಗಿಡಮರಗಳ ಬೂದಿಯನ್ನು ನೀರಿನಲ್ಲಿ ಕದಡಿ, ಆ ತಿಳಿಯನ್ನು ಗಡಿಗೆಯಲ್ಲಿ ಇಂಗಿಸಿ ಪಡೆಯುತ್ತಿದ್ದ ಕ್ಷಾರಕ್ಕೆ ‘ಪಾಟ್ ಆಷ್’, ಅಂದರೆ ಗಡಿಗೆಬೂದಿ, ಎಂದು ಹೆಸರು. ೧೮೦೭ರಲ್ಲಿ ಹಂಫ್ರಿ ಡೇವಿ ಆ ಕ್ಷಾರದೊಳಗೆ ವಿದ್ಯುತ್ತನ್ನು ಹಾಯಿಸಿ ಲೋಹವನ್ನು ಬೇರ್ಪಡಿಸಿದಾಗ ಗಡಿಗೆಬೂದಿಯ ಹೆಸರನ್ನೇ ಅದಕ್ಕಿಟ್ಟನು. ರಸಾಯನಶಾಸ್ತ್ರದಲ್ಲಿ ಅದರ ಸಂಕೇತವಾದ ‘ಕೆ’ ಎಂಬುದು ಕೂಡ ಬೂದಿಯೆಂಬರ್ಥದ ಅರಬ್ಬಿ ಶಬ್ದದಿಂದ ಹುಟ್ಟಿದ ‘ಕಾಲಿಯಂ’ನ ಮೊದಲಕ್ಷರ. ನಮ್ಮ ಅಜ್ಜಿಯರು ಒಲೆಯ ಬೂದಿಯಿಂದ ಪಾತ್ರೆ ಬೆಳಗುತ್ತಿದ್ದಾಗ ಅವರ ಕೈಗೆ ಹತ್ತುತ್ತಿದ್ದುದು ಇದೇ ಲವಣವೇ.

ಎಪ್ಪತ್ತು ಕಿಲೋ ತೂಕದ ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು ೧೪೦ ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ಜೀವಕೋಶಗಳ ಒಳಗೆ, ಬಹುಪಾಲು ಸ್ನಾಯುಗಳಲ್ಲಿ. ಹೊರಗಿನ ದ್ರವದಲ್ಲಿ ಇರುವುದು ಎರಡೂವರೆ ಗ್ರಾಮಿನಷ್ಟು ಮಾತ್ರ. ಜಿಪುಣನ ಮನೆಯಂತೆ ಗಂಟೆಲ್ಲ ಒಳಕೋಣೆಯಲ್ಲಿ, ಪಡಸಾಲೆಯಲ್ಲಿ ಎರಡು ಕಾಸು. ಆದರೆ ಸ್ನಾಯುವಿನ ಚಲನೆಯೆಲ್ಲ ಒಳಗು ಹೊರಗುಗಳ ಈ ಅಂತರದ ಮೇಲೆಯೇ ನಿಂತಿದೆ. ಈ ಅಂತರವನ್ನು ಕಾಯುವ ಕೆಲಸ ಕೋಶದ ಪೊರೆಯಲ್ಲಿರುವ ಒಂದು ಸೂಕ್ಷ್ಮ ರಾಟೆಯದು. ಅದು ಸೋಡಿಯಂ ಅನ್ನು ಹೊರಕ್ಕೆ ನೂಕಿ ಪೊಟ್ಯಾಸಿಯಂ ಅನ್ನು ಒಳಕ್ಕೆ ಸೇದುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ೧೯೫೭ರಲ್ಲಿ ಇದನ್ನು ಕಂಡುಹಿಡಿದರು. ನೊಬೆಲ್ ಬಹುಮಾನ ಬಂದದ್ದು ನಾಲ್ವತ್ತು ವರ್ಷ ಕಳೆದ ಮೇಲೆ, ೧೯೯೭ರಲ್ಲಿ.

ಈಗ ಹೋಳಿಗೆಗೆ ಬರೋಣ. ಬೆಲ್ಲ, ಹಿಟ್ಟುಗಳ ಭಾರಿ ಊಟವಾದೊಡನೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಅದರ ಬೆನ್ನಿಗೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಕೋಶಗಳೊಳಗೆ ಕಳುಹಿಸುವುದರ ಜೊತೆಗೆ ಈ ರಾಟೆಯ ವೇಗವನ್ನೂ ಹೆಚ್ಚಿಸುತ್ತದೆ. ಪಡಸಾಲೆಯ ಎರಡು ಕಾಸಿನಲ್ಲಿ ಒಂದು ಒಳಕ್ಕೆ ಹೋಗುತ್ತದೆ. ದಣಿದ ದೇಹ ವಿಶ್ರಮಿಸುವಾಗಲೂ, ದುಡಿಯುವಾಗ ಸ್ನಾಯುಗಳಿಂದ ಹೊರಬಂದಿದ್ದ ಪೊಟ್ಯಾಸಿಯಂ ಮರಳಿ ಒಳಸೇರುತ್ತದೆ. ಇದು ನಿಮ್ಮಲ್ಲಿಯೂ ನನ್ನಲ್ಲಿಯೂ ಪ್ರತಿ ಹಬ್ಬದಲ್ಲಿ ನಡೆಯುವುದೇ. ನಮ್ಮ ಕಾಲುಗಳೇನೂ ಬೀಳುವುದಿಲ್ಲ. ಬೀಳುವುದು ಯಾರ ಸ್ನಾಯುಪೊರೆಯ ಬಾಗಿಲುಗಳಲ್ಲಿ ಹುಟ್ಟಿನಿಂದಲೇ ದೋಷವಿದೆಯೋ ಅವರಲ್ಲಿ. ದಾಳಿಯ ಸಮಯದಲ್ಲಿ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆಂಬುದು ೧೯೩೦ರ ದಶಕದಲ್ಲಿಯೇ ಗೊತ್ತಾಗಿದ್ದರೂ ದೋಷ ಎಲ್ಲಿದೆ ಎಂಬುದು ತಿಳಿದದ್ದು ೧೯೯೪ರಲ್ಲಿ; ಸ್ನಾಯುವಿನ ಕ್ಯಾಲ್ಸಿಯಂ ಬಾಗಿಲನ್ನು ರಚಿಸುವ ವಂಶವಾಹಿಯಲ್ಲಿ. ಕೆಲವು ಮನೆತನಗಳಲ್ಲಿ ಸೋಡಿಯಂ ಬಾಗಿಲಿನಲ್ಲಿ. ಬಾಗಿಲು ಮುಚ್ಚಿದ್ದರೂ ಸಂದಿಯಿಂದ ವಿದ್ಯುತ್ಕಣಗಳು ಸೋರುತ್ತಿರುತ್ತವೆ. ಹೊರಗಿನ ಪೊಟ್ಯಾಸಿಯಂ ಸರಿಯಾಗಿರುವವರೆಗೆ ಪೊರೆ ಆ ಸೋರಿಕೆಯನ್ನು ತಾಳಿಕೊಳ್ಳುತ್ತದೆ. ಅದು ಇಳಿದಾಗ ಪೊರೆಯ ಬಿಗಿ ತಪ್ಪುತ್ತದೆ, ಸ್ನಾಯುವಿಗೆ ಕಿಡಿ ಹೊತ್ತಿಸಬೇಕಾದ ಸೋಡಿಯಂ ಬಾಗಿಲುಗಳು ಕಚ್ಚಿಕೊಂಡುಬಿಡುತ್ತವೆ. ಮಿದುಳು ಆಜ್ಞೆ ಕಳುಹಿಸುತ್ತದೆ, ನರ ಅದನ್ನು ಮುಟ್ಟಿಸುತ್ತದೆ, ಸ್ನಾಯು ಓಗೊಡುವುದಿಲ್ಲ. ಗ್ಲುಕೋಸಿನ ಬಾಟಲಿ ಏಕೆ ಕೈಗಳನ್ನೂ ಬೀಳಿಸಿತೆಂದು ವಾಚಕರು ಈಗ ಊಹಿಸಬಲ್ಲರು. ಅದು ಹೋಳಿಗೆಯನ್ನು ನೇರವಾಗಿ ರಕ್ತನಾಳಕ್ಕೆ ಬಡಿಸಿದಂತೆ.

ರೋಗದ ರೂಪ ಬಹುಮಟ್ಟಿಗೆ ನಮ್ಮ ಹುಡುಗನಲ್ಲಿ ಕಂಡಂತೆಯೇ. ಸಾಮಾನ್ಯವಾಗಿ ಹದಿಹರೆಯದಲ್ಲಿ ಮೊದಲ ದಾಳಿ. ರಾತ್ರಿಯ ಉತ್ತರಾರ್ಧದಲ್ಲಿ ಅಥವಾ ಬೆಳಗ್ಗೆ ಎಚ್ಚರವಾದಾಗ. ತೊಡೆ ಸೊಂಟಗಳು ಮೊದಲು, ಆಮೇಲೆ ಹೆಗಲು ತೋಳುಗಳು. ಮೊಣಕಾಲ ಕೆಳಗೆ ತಟ್ಟಿದರೆ ಜಿಗಿಯಬೇಕಾದ ಕಾಲು ಜಿಗಿಯುವುದಿಲ್ಲ. ಸ್ಪರ್ಶ ಕೆಡುವುದಿಲ್ಲ, ಕಣ್ಣಿನ ಚಲನೆ, ನುಂಗುವಿಕೆ, ಉಸಿರಾಟಗಳು ಪ್ರಾಯಶಃ ಉಳಿಯುತ್ತವೆ. ಕೆಲವು ತಾಸುಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ, ಏನೂ ಆಗಿಲ್ಲವೆಂಬಂತೆ ಶಕ್ತಿ ಮರಳುತ್ತದೆ. ಈ ಮರಳುವಿಕೆಯೇ ರೋಗಿಯ ಪಾಲಿಗೆ ವೈರಿ. ವೈದ್ಯರ ಬಳಿ ಒಯ್ಯುವಷ್ಟರಲ್ಲಿ ಎದ್ದು ನಡೆಯುವವನನ್ನು ಯಾರು ನಂಬುತ್ತಾರೆ? ಸೋಗು ಎನ್ನುತ್ತಾರೆ, ಇಲ್ಲವೆ ದೇವರು ಬಿಟ್ಟುಕೊಟ್ಟಿತು ಎನ್ನುತ್ತಾರೆ. ಆದರೆ ತಾನಾಗಿ ಹೋಗುವ ರೋಗವೆಂದು ಮನೆಯಲ್ಲಿ ಕಾಯುತ್ತ ಕೂಡುವುದು ಕೇಡು. ಪೊಟ್ಯಾಸಿಯಂ ತೀರ ಇಳಿದಾಗ ಹೃದಯದ ತಾಳ ತಪ್ಪಬಹುದು. ಅದರಿಂದ ಪ್ರಾಣಹಾನಿಯಾದ ಉದಾಹರಣೆಗಳಿವೆ.

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕಾರಣಕ್ಕೂ ಕಾಯಬಾರದು. ನೆಲದ ಮೇಲೆ ಮಲಗಿದವನನ್ನು ರಾತ್ರಿ ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇಲ್ಲ, ಬಾವೂ ಇಲ್ಲ, ಹಲ್ಲಿನ ಗುರುತೂ ಕಾಣುವುದಿಲ್ಲ. ಬೆಳಗ್ಗೆ ಕೈಕಾಲು ಸೋತಿರುತ್ತವೆ. ಅಲ್ಲಿ ಮೊದಲು ರೆಪ್ಪೆಗಳು ಜೋಲುತ್ತವೆ, ನಾಲಗೆ ತೊದಲುತ್ತದೆ, ನುಂಗಲು ಆಗುವುದಿಲ್ಲ, ಆಮೇಲೆ ಉಸಿರು ನಿಲ್ಲುತ್ತದೆ. ಕಣ್ಣು ತೆರೆದು ನೋಡುತ್ತ, ಸ್ಪಷ್ಟವಾಗಿ ಮಾತಾಡುತ್ತ, ಕಾಲು ಮಾತ್ರ ಬೀಳಿಸಿಕೊಂಡವನ ಲಕ್ಷಣ ಬೇರೆ. ಆದರೂ ಈ ಭೇದವನ್ನು ಓಣಿಯ ಜನ ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸತಕ್ಕದ್ದಲ್ಲ. ಎರಡಕ್ಕೂ ದಾರಿ ದವಾಖಾನೆಯೇ.

ಇಷ್ಟು ಹೇಳಿದ ಮೇಲೆ ಒಂದು ತಿದ್ದುಪಡಿ ಅವಶ್ಯ. ಪೊಟ್ಯಾಸಿಯಂ ಇಳಿದು ಕೈಕಾಲು ಬೀಳುವ ಎಲ್ಲರಿಗೂ ಇದು ಅಜ್ಜನ ಆಸ್ತಿಯಲ್ಲ. ವೆಲ್ಲೂರಿನ ವೈದ್ಯರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಕ ರೋಗಿಗಳ ಪೈಕಿ ಹೆಚ್ಚಿನವರಿಗೆ ಮೂಲ ಬೇರೆಡೆ ಇತ್ತು. ಮೂತ್ರಪಿಂಡದ ಸೂಕ್ಷ್ಮ ನಳಿಕೆಗಳು ಆಮ್ಲವನ್ನು ಹೊರಹಾಕಲಾರದೆ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಸುರಿದುಬಿಡುವುದು ಒಂದು ಬಗೆ. ನಡುವಯಸ್ಸಿನ ಹೆಂಗಸರಲ್ಲಿ ಇದರೊಡನೆ ಕಣ್ಣು ಬಾಯಿ ಒಣಗುತ್ತಿದ್ದರೆ ಷೋಗ್ರೆನ್ ಎಂಬ ವ್ಯಾಧಿಯನ್ನು ಹುಡುಕಬೇಕು. ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಗಂಟು ಇನ್ನೊಂದು. ಅಲ್ಲಿ ರಕ್ತದೊತ್ತಡವೂ ಏರಿರುತ್ತದೆ. ಮೂರನೆಯದು ಥೈರಾಯಿಡ್. ಏಷ್ಯದ ತರುಣ ಗಂಡಸರಲ್ಲಿ ಇದು ವಿಶೇಷ. ಚೆನ್ನಾಗಿ ಉಂಡರೂ ಮೈ ಇಳಿಯುವುದು, ಬೆರಳು ನಡುಗುವುದು, ಎದೆ ಬಡಿದುಕೊಳ್ಳುವುದು, ಚಳಿಯಲ್ಲೂ ಬೆವರುವುದು ಇದ್ದರೆ ಥೈರಾಯಿಡ್ ಪರೀಕ್ಷೆ ಮಾಡಿಸದೆ ಬಿಡಬಾರದು. ಗ್ರಂಥಿಯನ್ನು ಹತೋಟಿಗೆ ತಂದರೆ ಈ ದಾಳಿಗಳೂ ನಿಲ್ಲುತ್ತವೆ. ವಾಂತಿಭೇದಿ, ಮೂತ್ರ ಹೆಚ್ಚಿಸುವ ಗುಳಿಗೆಗಳು ಎಲ್ಲರಿಗೂ ಗೊತ್ತಿದ್ದ ಕಾರಣಗಳೇ. ಡೆಂಗೆ ಜ್ವರದ ನಡುವೆ ಹೀಗಾದವರ ವರದಿಗಳೂ ನಮ್ಮ ದೇಶದಲ್ಲಿವೆ.

ಇನ್ನೆರಡು ಕಾರಣಗಳು ನನ್ನನ್ನು ವೈಯಕ್ತಿಕವಾಗಿ ಬೆಚ್ಚಿಸಿದವು. ಒಂದು ಜ್ಯೇಷ್ಠಮಧು. ಗಂಟಲನ್ನೇ ಬಂಡವಾಳವಾಗಿಟ್ಟುಕೊಂಡ ಗವಾಯಿಗಳೂ ನಮ್ಮಂಥ ಮೇಷ್ಟರುಗಳೂ ಅದರ ತುಂಡನ್ನು ದವಡೆಯಲ್ಲಿಟ್ಟುಕೊಂಡಿರುವುದು ವಾಡಿಕೆ. ಒಂದು ಚೂರಿನಿಂದ ಏನೂ ಆಗದು. ತಿಂಗಳುಗಟ್ಟಲೆ ಹೇರಳವಾಗಿ ತಿಂದರೆ ಅದರ ಸತ್ವ ಪೊಟ್ಯಾಸಿಯಂ ಅನ್ನು ಇಳಿಸಿ ರಕ್ತದೊತ್ತಡವನ್ನು ಏರಿಸುತ್ತದೆ. ಇನ್ನೊಂದು, ಅಸೂಟಿಯ ಸುತ್ತಲಿನ ಎರೆಯಲ್ಲಿ ಕಣ್ಣು ಹಾಯುವವರೆಗೆ ಬೆಳೆಯುವ ಹತ್ತಿ! ಹತ್ತಿಯ ಕಾಳಿನಲ್ಲಿ ಗಾಸಿಪಾಲ್ ಎಂಬ ಹಳದಿ ವಿಷವಿದೆ. ಚೀನದ ಕೆಲವು ಹಳ್ಳಿಗಳಲ್ಲಿ ಶುದ್ಧೀಕರಿಸದ ಹತ್ತಿಕಾಳಿನ ಎಣ್ಣೆಯನ್ನು ಅಡಿಗೆಗೆ ಬಳಸಿದವರಿಗೆ ಕೈಕಾಲು ಸೋತದ್ದೂ ಗಂಡಸರಿಗೆ ಸಂತಾನ ನಿಂತದ್ದೂ ಕಂಡುಬಂದಿತು. ೧೯೭೦ರ ದಶಕದಲ್ಲಿ ಅದನ್ನೇ ಗಂಡಸರ ಸಂತಾನನಿಯಂತ್ರಣದ ಗುಳಿಗೆಯಾಗಿಸಲು ಅಲ್ಲಿ ದೊಡ್ಡ ಪ್ರಯೋಗವೇ ನಡೆಯಿತು. ಪೊಟ್ಯಾಸಿಯಂ ಇಳಿಯುವುದೇ ಮೊದಲಾದ ತೊಡಕುಗಳಿಂದ ಕೈಬಿಡಬೇಕಾಯಿತು. ಅಂಗಡಿಯಲ್ಲಿ ದೊರೆಯುವ ಶುದ್ಧೀಕರಿಸಿದ ಎಣ್ಣೆಯಲ್ಲಿ ಈ ವಿಷವನ್ನು ತೆಗೆದಿರುತ್ತಾರೆ. ಎಮ್ಮೆಗೆ ಹತ್ತಿಕಾಳು ಇಡುವ ಚಿಗವ್ವ ಗಾಬರಿಯಾಗಬೇಕಾಗಿಲ್ಲ, ಮೆಲುಕುಹಾಕುವ ಪ್ರಾಣಿಗಳು ಅದನ್ನು ಅರಗಿಸಿಕೊಳ್ಳಬಲ್ಲವು.

ಹಾಗಾದರೆ ಕಾಲು ಸೋತವನಿಗೆಲ್ಲ ಪೊಟ್ಯಾಸಿಯಂ ಕುಡಿಸಿದರಾಯಿತಲ್ಲ ಎಂದು ಯಾರೂ ಆತುರಪಡಬಾರದು. ಈ ರೋಗಕ್ಕೆ ತಲೆಕೆಳಗಾದ ಒಬ್ಬ ಸೋದರನಿದ್ದಾನೆ. ಸ್ವೀಡನ್ನಿನ ಮಕ್ಕಳ ವೈದ್ಯೆ ಇಂಗ್ರಿಡ್ ಗಾಮ್‌ಸ್ಟಾರ್ಪ್ ೧೯೫೬ರಲ್ಲಿ ಅವನನ್ನು ವಿವರಿಸಿದರು. ಆ ಮನೆತನಗಳಲ್ಲಿ ಸ್ನಾಯು ಸೋಲುವುದು ಪೊಟ್ಯಾಸಿಯಂ ಏರಿದಾಗ. ಹಬ್ಬದೂಟದಿಂದಲ್ಲ, ಉಪವಾಸದಿಂದ, ದಾಳಿಯೂ ಚಿಕ್ಕದು, ಅನೇಕ ವೇಳೆ ತಾಸಿನೊಳಗೇ ಮುಗಿಯುತ್ತದೆ. ಅಲ್ಲಿ ಸಕ್ಕರೆ ಉಪಕಾರಿ, ಪೊಟ್ಯಾಸಿಯಂ ಅಪಾಯಕಾರಿ. ಮೂತ್ರಪಿಂಡ ಕೆಟ್ಟವರಲ್ಲಂತೂ ಹೆಚ್ಚಾದ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸೀತು. ಆದ್ದರಿಂದ ರಕ್ತವನ್ನು ನೋಡದೆ, ಹೃದಯದ ಪಟ ತೆಗೆಯದೆ ಔಷಧವಿಲ್ಲ.

ಹುಬ್ಬಳ್ಳಿಯಲ್ಲಿ ನಮ್ಮ ಹುಡುಗನಿಗೆ ಪೊಟ್ಯಾಸಿಯಂ ಕ್ಲೋರೈಡಿನ ದ್ರವವನ್ನು ನೀರಿನಲ್ಲಿ ಬೆರೆಸಿ ಬಿಟ್ಟುಬಿಟ್ಟು ಕುಡಿಸಿದರು. ನಾನು ಸುದ್ದಿ ಕೇಳಿ ಹೋಗುವಷ್ಟರಲ್ಲಿ ಮಧ್ಯಾಹ್ನ. ಮೂರು ಗಂಟೆಗೆ ಕಾಲ್ಬೆರಳು ಆಡಿತು. ಐದಕ್ಕೆ ಮೊಣಕಾಲು ಮಡಚಿದ. ಚಿಗವ್ವ ಎಳನೀರು ತರಿಸೋಣವೇ ಎಂದು ಕೇಳಿದಾಗ ವೈದ್ಯರು, ಅದರಲ್ಲಿ ಪೊಟ್ಯಾಸಿಯಂ ಇರುವುದು ನಿಜ, ಸಕ್ಕರೆಯೂ ಇದೆ, ಈ ಹೊತ್ತಿಗೆ ಬೇಡ ಎಂದರು. ಬೇಗ ಬೇಗ ಹೆಚ್ಚು ಕೊಡಲು ಕೂಡ ಅವರು ಒಪ್ಪಲಿಲ್ಲ. ಮೈಯಿಂದ ಪೊಟ್ಯಾಸಿಯಂ ಕಳೆದುಹೋಗಿಲ್ಲ, ಒಳಗೆ ಅಡಗಿದೆ ಅಷ್ಟೆ. ಅದು ಹೊರಬರುವ ಹೊತ್ತಿಗೆ ನಾವು ಹಾಕಿದ್ದೂ ಸೇರಿದರೆ ಅತಿಯಾದೀತು. ಥೈರಾಯಿಡ್, ಮೂತ್ರ, ರಕ್ತದ ಆಮ್ಲ ಎಲ್ಲವನ್ನೂ ಪರೀಕ್ಷಿಸಿ, ದೋಷವಿಲ್ಲವೆಂದು ಕಂಡ ಮೇಲೆಯೇ ಮನೆತನದ ರೋಗವೆಂದು ನಿಶ್ಚಯಿಸಿದರು. ದಾಳಿ ತಡೆಯಲು ಅಸೆಟಜೋಲಮೈಡ್ ಎಂಬ ಗುಳಿಗೆಯನ್ನು ಬರೆದುಕೊಟ್ಟರು. ಮೂತ್ರಪಿಂಡದ ಆಮ್ಲದೋಷದವರಿಗೆ ಇದೇ ಗುಳಿಗೆ ಕೆಡಕು ಮಾಡುತ್ತದೆ. ಕಾರಣವನ್ನು ಮೊದಲು ಹುಡುಕಿದ್ದರ ಪ್ರಯೋಜನ ಇಲ್ಲಿ ತಿಳಿಯಿತು. ಒಮ್ಮೆಗೇ ಹೊಟ್ಟೆಬಿರಿಯ ಉಣ್ಣಬಾರದು, ಸಿಹಿ ಉಪ್ಪುಗಳಲ್ಲಿ ಮಿತಿಯಿರಬೇಕು, ಮೈಮುರಿದು ದುಡಿದವನು ಥಟ್ಟನೆ ಮಲಗಬಾರದು; ಕಾಲು ಭಾರವಾದಂತೆ ತೋರಿದ ಕೂಡಲೆ ಮೆಲ್ಲಗೆ ಅಡ್ಡಾಡಿದರೆ ಎಷ್ಟೋ ಸಲ ದಾಳಿ ಹಿಮ್ಮೆಟ್ಟುತ್ತದೆ.

ತಂದೆ ತಾಯಿಗಳಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧ. ಹೆಂಗಸರಲ್ಲಿ ಕೆಲವೊಮ್ಮೆ ಅದು ಹೊರಗೆ ತೋರದೆ ಸುಮ್ಮನೆ ದಾಟಿ ಮುಂದಿನವರಿಗೆ ಹೋಗುತ್ತದೆ. ಅಜ್ಜನಿಂದ ಚಿಗವ್ವನಿಗೆ, ಅವಳಿಂದ ಮಗನಿಗೆ ಹೀಗೆಯೇ ದಾಟಿರಬೇಕು. ನನ್ನ ತಾಯಿಯೂ ಆ ಅಜ್ಜನ ಮಗಳೇ. ನನಗೆ ಮೂವತ್ತು ದಾಟಿದರೂ ಅಂಥ ಬೆಳಗು ಬಂದಿಲ್ಲ. ಇನ್ನು ಬರುವ ಸಂಭವ ಕಡಿಮೆ ಎನ್ನುತ್ತಾರೆ. ಚಿಗವ್ವನಿಗೆ ಮಾತ್ರ ಮಗನ ಚಿಂತೆಗಿಂತ ತಂದೆಯ ನೆನಪು ಹೆಚ್ಚು ಕಾಡುತ್ತದೆ. “ಮಕ್ಕಳು ನಾವೂ ಅವ್ವನ ಸಂಗಡ ಸೇರಿ ನಗತಿದ್ವಿ. ಒಂದು ಸಲ ಹಾಸಿಗಿ ಎಳದಿದ್ದೆ ನಾನು” ಎಂದು ಎರಡು ಮೂರು ಸಲ ಹೇಳಿದ್ದಾಳೆ.

ಕಳೆದ ಎಳ್ಳಮಾವಾಸ್ಯೆಗೆ ನಾನೂ ಅಸೂಟಿಗೆ ಹೋಗಿದ್ದೆ. ಹುಡುಗನ ಎಲೆಗೆ ಒಂದೇ ಹೋಳಿಗೆ ಬಿತ್ತು. ರೊಟ್ಟಿ, ಪಲ್ಯ, ಮೊಸರು ಬೇಕಾದಷ್ಟು. ಊಟವಾದ ಮೇಲೆ ಹಿರಿಯರು ಕಿರಿಯರೆಲ್ಲ ಕಂಬಳಿ ಹಾಸಿ ಅಡ್ಡಾದರು. ಅವನೊಬ್ಬನೇ ಬದುವಿನ ಮೇಲೆ ಸಾವಕಾಶವಾಗಿ ತಿರುಗಾಡತೊಡಗಿದ. ಚಿಗವ್ವ ಹೋಳಿಗೆಯ ಬುಟ್ಟಿಗೆ ಬಟ್ಟೆ ಮುಚ್ಚುತ್ತ ನನ್ನ ಕಡೆ ನೋಡಿ, “ನೀನೂ ಏಳೋ ತಮ್ಮಾ, ನಾಕು ಹೋಳಿಗಿ ಉಂಡೀದಿ. ಅವನ ಕೂಡ ಎರಡು ಸುತ್ತು ಹಾಕು” ಎಂದಳು. ನಾನು ಎದ್ದೆ.